ದರ್ಜಿಯ ಹೆಂಡತಿ ಓದಿದ ಪುಟ

"ಗುರುಗಳೇ, ಓದಿಗೆ ಯಾವುದು ಮೇಲು? ಅಚ್ಚಿನ ಪುಸ್ತಕವೋ, ಇ-ರೀಡರೋ, ಟ್ಯಾಬೋ?"

ಶಿಷ್ಯ ರೇವಣಸಿದ್ಧ ಹೀಗೆ ಕೇಳಿದ್ದಕ್ಕೆ ಕಾರಣವಿತ್ತು. ಗುರುಗಳ ಕಣ್ಣು ಮಂಜಾಗುತ್ತ ಬಂದಿತ್ತು. ಒಂದು ಕಣ್ಣಿನ ಆಸೆ ಬಿಡಿ, ಇನ್ನೊಂದನ್ನೂ ನೆಚ್ಚಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಸಂಜೆ ಹೊತ್ತು ಮಠದ ಜಗಲಿಯಲ್ಲಿ ಕೂತು ರೇವಣಸಿದ್ಧನೇ ಅವರಿಗೆ ಪುಸ್ತಕ ಓದಿ ಹೇಳುತ್ತಿದ್ದ. ಈಗ ಓದುತ್ತಿದ್ದದ್ದು ಒಬ್ಬ ಯಾತ್ರಿಕ ತನ್ನ ತಿರುಗಾಟದ ಬಗ್ಗೆ ಬರೆದ ಹಳೆಯ ಪುಸ್ತಕ. ಗುರುಗಳು ಪ್ರಾಯದಲ್ಲಿ ಅದನ್ನು ಮತ್ತೆ ಮತ್ತೆ ಓದಿದವರು. ನಿನ್ನೆ ಮಾತ್ರ ಓದು ಬೇಗ ಮುಗಿದಿತ್ತು. ಗಂಟಲು ಕಟ್ಟಿದೆ ಎಂದು ಹೇಳಿ ರೇವಣಸಿದ್ಧ ಪುಸ್ತಕ ಮಡಚಿಟ್ಟಿದ್ದ.

ಭಕ್ತರೊಬ್ಬರು ಗುರುಗಳಿಗೆ ಓದಲು ಏನು ಬೇಕೋ ತಂದುಕೊಡುತ್ತೇನೆ, ವಿಚಾರಿಸಿ ಹೇಳು ಎಂದಿದ್ದರು. ರೇವಣಸಿದ್ಧ ಅಂಗಡಿಯಲ್ಲಿ ವಿಚಾರಿಸಿ ವಿಚಾರಿಸಿ ತಲೆ ಕೆಡಿಸಿಕೊಂಡಿದ್ದ. ಅಚ್ಚಿನ ಪುಸ್ತಕಕ್ಕೆ ಚಾರ್ಜ್ ಬೇಡ, ಆದರೆ ಅಕ್ಷರ ದೊಡ್ಡದಾಗುವುದಿಲ್ಲ. ಇ-ರೀಡರಿನಲ್ಲಿ ಅಕ್ಷರ ದೊಡ್ಡದಾಗುತ್ತದೆ, ಕಣ್ಣಿಗೂ ತಂಪು, ಆದರೆ ಬಣ್ಣವಿಲ್ಲ. ಟ್ಯಾಬಿನಲ್ಲಿ ಎಲ್ಲವೂ ಇದೆ, ಆದರೆ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಇಷ್ಟಾದರೂ ಟ್ಯಾಬು ತಾನೇ ಗಟ್ಟಿಯಾಗಿ ಓದಿ ಹೇಳುತ್ತದಂತೆ, ಓದುವವರು ಇರಲಿ ಬಿಡಲಿ ಗುರುಗಳ ಓದು ನಿಲ್ಲುವುದಿಲ್ಲ ಎಂದು ಅವನು ಸೇರಿಸಿದ.

ಗುರುಗಳು ನಕ್ಕರು. ಅಂಗಡಿಯವನ ಬಾಯಲ್ಲಿದ್ದದ್ದೆಲ್ಲ ನಿನ್ನ ಬಾಯಿಗೆ ಬಂದಿದೆ, ಇನ್ನು ಅಂಗಡಿ ಇಡುವುದೊಂದೇ ಬಾಕಿ ಎಂದರು. ಆಮೇಲೆ ಕೂತುಕೋ ಎಂದು ಕೈಸನ್ನೆ ಮಾಡಿ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ದರ್ಜಿಯಿದ್ದ. ಮನೆಯ ಮುಂದಿನ ಕೋಣೆಯೇ ಅಂಗಡಿ. ಗಂಡ ಹೆಂಡತಿ ಇಬ್ಬರೇ, ಜೊತೆಗೆ ರುಕ್ಕು ಎಂಬ ಒಬ್ಬಳೇ ಮಗಳು. ಒಮ್ಮೆ ರುಕ್ಕುವಿಗೆ ಜ್ವರ ಬಂತು. ಬಂದ ಜ್ವರ ಇಳಿಯಲಿಲ್ಲ. ಹುಡುಗಿ ಹೋಗಿಬಿಟ್ಟಳು.

ಹಬ್ಬಕ್ಕೆಂದು ಅವಳಿಗೆ ಹೊಲಿಯುತ್ತಿದ್ದ ಲಂಗ ಅರ್ಧಕ್ಕೇ ನಿಂತಿತು. ದರ್ಜಿ ಅದನ್ನು ಮುಗಿಸಲೂ ಇಲ್ಲ, ಮಡಚಿ ಇಡಲೂ ಇಲ್ಲ. ಕತ್ತರಿ ಮುಟ್ಟಲಿಲ್ಲ. ಬಟ್ಟೆ ಕೊಟ್ಟವರು ಕಾದು ಕಾದು ವಾಪಸು ಒಯ್ದರು. ಅನ್ನ ಹಾಕಿದರೆ ಉಣ್ಣುತ್ತಿದ್ದ, ಹಾಕದಿದ್ದರೆ ಕೇಳುತ್ತಿರಲಿಲ್ಲ. ಹೆಂಡತಿಗೂ ಮಗಳೇ ಅಲ್ಲವೇನಪ್ಪ ಹೋದದ್ದು? ಆದರೆ ಒಲೆ ಹಚ್ಚುವವರು ಯಾರಾದರೂ ಬೇಕಲ್ಲ, ಅವಳು ಹಚ್ಚುತ್ತಿದ್ದಳು.

ಮನೆಯಲ್ಲಿ ಮಾತೇ ಇಲ್ಲ. ಆ ಮೌನ ಅವಳಿಗೆ ತಡೆಯಲಾಗಲಿಲ್ಲ. ಒಂದು ದಿನ ಊರ ಲೈಬ್ರರಿಗೆ ಹೋಗಿ ಕೈಗೆ ಸಿಕ್ಕ ಒಂದು ಕಾದಂಬರಿ ತಂದಳು. ಗಂಡನ ಎದುರು ಕೂತು ಗಟ್ಟಿಯಾಗಿ ಓದತೊಡಗಿದಳು. ಅವನು ಕೇಳುತ್ತಾನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಮನೆಯಲ್ಲೊಂದು ಧ್ವನಿ ಇರಲಿ ಅಂತ, ಅಷ್ಟೇ.

ಅದು ಒಬ್ಬ ಅಂಬಿಗನ ಮಗಳ ಕತೆ. ಅಂಬಿಗ ಮೈ ಸರಿಯಿಲ್ಲದೆ ಮಲಗಿರುತ್ತಾನೆ. ಹೊಳೆ ತುಂಬಿ ಹರಿಯುತ್ತಿರುತ್ತದೆ. ಅಪ್ಪನಿಗೆ ಔಷಧ ತರಬೇಕೆಂದು ಆ ಚಿಕ್ಕ ಹುಡುಗಿ ಒಬ್ಬಳೇ ಹರಿಗೋಲು ಬಿಟ್ಟುಕೊಂಡು ಆಚೆ ದಡಕ್ಕೆ ಹೋಗುತ್ತಾಳೆ. ನಡುನೀರಿನಲ್ಲಿ ಹರಿಗೋಲು ಗಿರಗಿರನೆ ತಿರುಗುತ್ತದೆ. ದರ್ಜಿ ಅಲ್ಲಿಯವರೆಗೆ ಗೋಡೆ ನೋಡುತ್ತ ಕೂತಿದ್ದವನು, ಆಗ ತಿರುಗಿ ಹೆಂಡತಿಯ ಮುಖ ನೋಡಿದ. ಹೆಂಡತಿ ಓದಿದಳು: ಹುಡುಗಿ ದಡ ಸೇರಿದಳು. ಆಚೆ ದಡದ ಮುದುಕಿಯೊಬ್ಬಳು ಅವಳನ್ನು ಎತ್ತಿ, ಸೆರಗಿನಿಂದ ತಲೆ ಒರೆಸಿ, ಬಿಸಿ ಗಂಜಿ ಕುಡಿಸಿದಳು.

ದರ್ಜಿ ದೊಡ್ಡದಾಗಿ ಉಸಿರು ಬಿಟ್ಟ. ಸೂಜಿ ಎಲ್ಲಿದೆ ಎಂದು ಕೇಳಿದ. ಯಾರದೋ ಅಂಗಿಯೊಂದು ಉಳಿದಿತ್ತು, ಅದಕ್ಕೆ ಗುಂಡಿ ಹಚ್ಚಿದ. ಮರುದಿನ ಅಂಗಡಿ ತೆರೆದ.

ಅಂದಿನಿಂದ ಅವರ ಮನೆಯಲ್ಲಿ ಅದೇ ಒಂದು ಪದ್ಧತಿಯಾಯಿತು. ಮಿಷನ್ ತುಳಿಯುವಾಗ ಆ ಸದ್ದಿಗೆ ಓದು ಕೇಳಿಸುವುದಿಲ್ಲ ನೋಡು. ಅದಕ್ಕೆ ದರ್ಜಿ ತುಳಿಯುವ ಕೆಲಸವನ್ನೆಲ್ಲ ಹಗಲೇ ಮುಗಿಸಿಬಿಡುತ್ತಿದ್ದ. ಕಾಜ ಮಾಡುವುದು, ಗುಂಡಿ ಹಚ್ಚುವುದು, ಅಂಚು ಮಡಿಸಿ ಹೊಲಿಯುವುದು, ಇಂಥ ಕೈಕೆಲಸವನ್ನು ಸಂಜೆಗೆ ಇಟ್ಟುಕೊಳ್ಳುತ್ತಿದ್ದ. ಅವನು ಹೊಲಿಯುವನು, ಅವಳು ಓದುವಳು. ಆ ಹೊತ್ತಿನಲ್ಲಿ ಅಳತೆ ಕೊಡಲು ಬಂದವರು ಯಾರೇ ಆಗಲಿ, ನಾಳೆ ಬನ್ನಿ. ಅವನಿಗೆ ಓದು ಬಾರದೆ ಇರಲಿಲ್ಲ, ಆದರೆ ಕೈಯೂ ಕಣ್ಣೂ ಬಟ್ಟೆಯ ಮೇಲೆ. ಕಿವಿ ಒಂದೇ ಬಿಡುವಾಗಿತ್ತು, ಅದನ್ನು ಅವಳಿಗೆ ಕೊಟ್ಟಿದ್ದ.

ಹೀಗೆ ವರ್ಷಗಳು ಉರುಳಿದವು. ಹೊಸ ಹೊಸ ಪುಸ್ತಕ ಬಂದವು, ಹೋದವು. ಆದರೆ ಪ್ರತಿ ಮಳೆಗಾಲಕ್ಕೂ ದರ್ಜಿ ಆ ಅಂಬಿಗನ ಮಗಳ ಕತೆಯನ್ನು ಮತ್ತೆ ಓದಿಸಿಕೊಳ್ಳುತ್ತಿದ್ದ. ಹುಡುಗಿ ದಡ ಸೇರಿದಾಗಲೆಲ್ಲ ಅವನ ಮುಖ ಅರಳುತ್ತಿತ್ತು.

ಹೆಂಡತಿಗೂ ವಯಸ್ಸಾಯಿತು. ಕನ್ನಡಕ ಹಾಕಿದರೂ ಲೈಬ್ರರಿ ಪುಸ್ತಕದ ಸಣ್ಣ ಅಕ್ಷರ ಕಾಣದಾಯಿತು. ಅವಳ ಅಣ್ಣನ ಮಗ ಒಂದು ಟ್ಯಾಬ್ ತಂದುಕೊಟ್ಟ. ಹಳೆಯ ಕಾದಂಬರಿಗಳನ್ನೆಲ್ಲ ಅದರೊಳಗೆ ತುಂಬಿಸಿದ್ದ. ಅಕ್ಷರ ಹುಣಸೆ ಬೀಜದಷ್ಟು ದಪ್ಪ ಮಾಡಿಕೊಂಡು ಅವಳು ಹಾಯಾಗಿ ಓದಿದಳು. ಇಲ್ಲಿಯವರೆಗೆ ಯಾರಿಗೂ ಏನೂ ತೊಂದರೆಯಿಲ್ಲ.

ಅಷ್ಟರಲ್ಲಿ ಅವಳ ತಂಗಿಯ ಮಗಳಿಗೆ ಹೆರಿಗೆಯಾಯಿತು. ಬಾಣಂತನಕ್ಕೆ ಜನ ಬೇಕು. ಅಡುಗೆಗೆ ಹೇಗೋ ಆಗುತ್ತದೆ, ನಿಮ್ಮ ಓದಿಗೆ ಏನು ಮಾಡುವುದು ಎಂದು ಅವಳು ಹೊರಡಲು ಹಿಂದೆ ಮುಂದೆ ನೋಡಿದಳು. ಅಣ್ಣನ ಮಗ, ಅದಕ್ಕೇನು ಅತ್ತೆ, ಇದೇ ಓದಿ ಹೇಳುತ್ತದೆ ಎಂದು ದರ್ಜಿಗೆ ಎಲ್ಲಿ ಒತ್ತಬೇಕೆಂದು ತೋರಿಸಿಕೊಟ್ಟ. ಅವಳು ನಿಶ್ಚಿಂತೆಯಿಂದ ಹೋದಳು. ಆ ಟ್ಯಾಬಿನಲ್ಲಿ ಯಾವ ಯಾವ ಪುಸ್ತಕವಿದೆ ಎಂದು ಪಾಪ, ಅವಳಿಗೆ ಆ ಗಡಿಬಿಡಿಯಲ್ಲಿ ನೆನಪಾಗಲಿಲ್ಲ.

ಸಂಜೆ ದರ್ಜಿ ಟ್ಯಾಬನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಿಲ್ಲಿಸಿದ. ಮಳೆಗಾಲ, ಅವನು ಹುಡುಕಿದ್ದು ಅಂಬಿಗನ ಮಗಳನ್ನೇ. ಒತ್ತಿದ. ಅದು ಓದಿತು. ಎಷ್ಟು ಚೆನ್ನಾಗಿ ಓದಿತು ಅಂತೀಯ! ಕೆಮ್ಮಲಿಲ್ಲ, ನೀರು ಬೇಡಲಿಲ್ಲ, ಒಲೆಯ ಮೇಲೆ ಸಾರಿಟ್ಟಿದ್ದೇನೆ ಇರಿ ಎಂದು ನಡುವೆ ಎದ್ದು ಹೋಗಲಿಲ್ಲ. ದರ್ಜಿಗೆ ಖುಷಿಯಾಯಿತು. ಹರಿಗೋಲು ನಡುನೀರಿಗೆ ಬಂತು. ಗಿರಗಿರನೆ ತಿರುಗಿತು. ಮಗುಚಿತು. ಹುಡುಗಿ ಸಿಗಲಿಲ್ಲ ಎಂದು ಓದಿ, ಅದು ಅದೇ ಧ್ವನಿಯಲ್ಲಿ ಮುಂದಿನ ಅಧ್ಯಾಯಕ್ಕೆ ಹೋಯಿತು.

ದರ್ಜಿಯ ಬೆರಳಿಗೆ ಸೂಜಿ ಚುಚ್ಚಿತು. ಅವನು ಟ್ಯಾಬ್ ನಿಲ್ಲಿಸಿದ. ಹಿಂದಕ್ಕೆ ಸರಿಸಿ ಮತ್ತೆ ಓದಿಸಿದ. ಹುಡುಗಿ ಸಿಗಲಿಲ್ಲ.

ಯಾರಿಗಾದರೂ ಏನು ಅನ್ನಿಸಬೇಕಿತ್ತು? ಅವನಿಗೆ ಟ್ಯಾಬು ಕೆಟ್ಟಿದೆ ಅನ್ನಿಸಿತು! ತೋಳಿನ ತುಂಡು ಬಿಟ್ಟು ಹೊಲಿದ ಅಂಗಿಯ ಹಾಗೆ ಇದು ನಡುವೆ ಒಂದು ಪುಟ ನುಂಗಿದೆ ಎಂದುಕೊಂಡ. ಹೆಂಡತಿಯ ಮೇಲೆ ಅವನಿಗೆ ಅಷ್ಟು ನಂಬಿಕೆ. ಬೆಳಗಾದ ಕೂಡಲೇ ಮೊಬೈಲ್ ರಿಪೇರಿ ಅಂಗಡಿಗೆ ಒಯ್ದ. ಅಂಗಡಿಯವನು ತಿರುಗಿಸಿ ನೋಡಿ, ಇದಕ್ಕೇನೂ ಆಗಿಲ್ಲ, ಇದ್ದದ್ದನ್ನು ಓದುತ್ತದೆ, ಇಲ್ಲದ್ದನ್ನು ಎಲ್ಲಿಂದ ಓದೀತು ಎಂದು ಕಳಿಸಿದ.

ದರ್ಜಿಗೆ ಸಮಾಧಾನವಾಗಲಿಲ್ಲ. ಪಕ್ಕದ ಬೀದಿಯ ಮೇಷ್ಟರ ಹತ್ತಿರ ಇ-ರೀಡರ್ ಇತ್ತು, ಅದರಲ್ಲಿ ಅದೇ ಕಾದಂಬರಿಯೂ ಇತ್ತು. ಬೇಡಿ ತಂದ. ನೀನು ಹೇಳಿದ್ದು ಸರಿಯಪ್ಪ, ಅದು ಕಣ್ಣಿಗೆ ತಂಪಂತೆ. ಟ್ಯಾಬನ್ನು ಬಾಗಿಲ ಬೆಳಕಿಗೆ ಹಿಡಿದರೆ ತನ್ನ ಮುಖವೇ ಕಾಣುತ್ತಿತ್ತು, ಇದರಲ್ಲಿ ಅಕ್ಷರ ಕಾಗದದ ಮೇಲಿನ ಹಾಗೇ ಕಂಡವು. ಬೆರಳಿಟ್ಟು ನಿಧಾನವಾಗಿ ಓದಿದ. ಹುಡುಗಿ ಸಿಗಲಿಲ್ಲ.

ಕೊನೆಗೆ ಲೈಬ್ರರಿಗೆ ಹೋದ. ಹೆಂಡತಿ ವರ್ಷ ವರ್ಷವೂ ತರುತ್ತಿದ್ದ ಅದೇ ಹಳೆಯ ಪುಸ್ತಕ ಅಲ್ಲೇ ಇತ್ತು. ರಟ್ಟು ಕಿತ್ತುಹೋಗಿ ಎರಡು ಸಲ ಹೊಲಿದಿದ್ದರು. ಹೊಲಿಗೆ ಚೆನ್ನಾಗಿಲ್ಲ ಎಂದು ಆ ಸಂಕಟದಲ್ಲೂ ಅವನಿಗೆ ಅನ್ನಿಸಿತಂತೆ. ಆ ಪುಟ ತೆಗೆದ. ಅಂಚಿನಲ್ಲಿ ಅರಿಸಿನದ ಬೆರಳು ತಾಗಿದ ಕಲೆಯಿತ್ತು. ಪುಟ ಹರಿದಿರಲಿಲ್ಲ, ಕಳೆದಿರಲಿಲ್ಲ. ಅಲ್ಲಿಯೂ ಹುಡುಗಿ ಸಿಗಲಿಲ್ಲ.

ಮೂರೂ ಒಂದೇ ಮಾತು ಹೇಳಿದವು. ಬೇರೆ ಹೇಳಿದವಳು ಅವನ ಹೆಂಡತಿ ಒಬ್ಬಳೇ.

ದರ್ಜಿ ಪುಸ್ತಕವನ್ನು ರಪ್ಪನೆ ಮುಚ್ಚಿದ. ಇಷ್ಟು ವರ್ಷ ಎದುರಿಗೆ ಕೂತು ನನ್ನ ಕಣ್ಣಿಗೆ ಮಣ್ಣೆರಚಿದಳಲ್ಲ ಎಂದುಕೊಂಡ. ಇದೊಂದೇ ಇರಲಾರದು ಎಂಬ ಸಂಶಯ ಬಂದು, ನೆನಪಿದ್ದ ಬೇರೆ ಪುಸ್ತಕಗಳನ್ನೂ ತೆಗೆದು ನೋಡಿದ. ಅಲ್ಲೊಂದು ಇಲ್ಲೊಂದು ಕತೆಯಲ್ಲಿ ಕೂಸು ತೀರಿಕೊಂಡಿತ್ತು. ಅವಳ ಬಾಯಲ್ಲಿ ಒಂದು ಕೂಸೂ ಸತ್ತಿರಲಿಲ್ಲ. ಸಿಟ್ಟಿನಲ್ಲಿ ಅವನಿಗೆ ಸುಳ್ಳು ಕಂಡಿತೇ ಹೊರತು ಸುಳ್ಳು ಎಂಥದ್ದೆಂದು ಕಾಣಲಿಲ್ಲ. ಇನ್ನು ಮೇಲೆ ಯಂತ್ರವೇ ಓದಲಿ, ಅದಕ್ಕೆ ಮೋಸ ಗೊತ್ತಿಲ್ಲ, ಇವಳ ಓದು ನನಗೆ ಬೇಡ ಎಂದು ನಿಶ್ಚಯ ಮಾಡಿದ. ಹೆಂಡತಿ ಫೋನ್ ಮಾಡಿದರೆ ಹಾಂ ಹೂಂ ಎಂದು ಇಟ್ಟುಬಿಡುತ್ತಿದ್ದ. ಅವಳು ಅಲ್ಲಿ ಬಾಣಂತಿಗೆ ನೀರು ಹಾಕುತ್ತ, ಏನಾಯಿತೋ ಏನೋ ಎಂದು ಕೊರಗಿದಳು.

ಬಾಣಂತನ ಮುಗಿಸಿ ಅವಳು ಬಂದಳು. ಕೈಕಾಲು ತೊಳೆದು ಬರುವಷ್ಟರಲ್ಲಿ ದರ್ಜಿ ಮೇಜಿನ ಮೇಲೆ ಮೂರನ್ನೂ ಸಾಲಾಗಿ ಇಟ್ಟಿದ್ದ. ಪುಸ್ತಕ, ಇ-ರೀಡರ್, ಟ್ಯಾಬ್. ಮೂರರಲ್ಲೂ ಅದೇ ಪುಟ.

"ಹುಡುಗಿ ದಡ ಸೇರಿದ್ದು ಇದರಲ್ಲಿ ಎಲ್ಲಿದೆ? ತೋರಿಸು" ಎಂದ.

ಅವಳು ಕನ್ನಡಕ ಹುಡುಕಲಿಲ್ಲ. ಮೂರನ್ನೂ ಮುಟ್ಟಲಿಲ್ಲ.

"ಇದರಲ್ಲಿ ಇಲ್ಲ ರೀ" ಎಂದಳು. "ಅವತ್ತು ಆ ಪುಟ ಬಂದಾಗ ನೀವು ತಿರುಗಿ ನನ್ನ ಮುಖ ನೋಡಿದಿರಿ. ರುಕ್ಕು ಹೋದ ಮೇಲೆ ಅದೇ ಮೊದಲು ನೋಡಿದ್ದು. ಹುಡುಗಿ ಸಿಗಲಿಲ್ಲ ಅಂತ ಓದಲು ನನಗೆ ಬಾಯಿ ಬರಲಿಲ್ಲ."

ಅಂದು ಸಂಜೆ ತಾನು ಸೂಜಿ ಕೇಳಿದ್ದು ದರ್ಜಿಗೆ ನೆನಪಾಯಿತು. ಅವಳಿಗೆ ಗೊತ್ತಿತ್ತು. ಆ ಪುಟದಲ್ಲಿ ಏನಿದೆಯೆಂದು ಅವಳಿಗೆ ಪ್ರತಿ ಮಳೆಗಾಲವೂ ಗೊತ್ತಿತ್ತು. ಅದನ್ನು ಅವಳು ಕಣ್ಣಿನಲ್ಲಿ ಓದಿಕೊಂಡು, ನುಂಗಿಕೊಂಡು, ಅವನಿಗೆ ಮಾತ್ರ ದಡ ತೋರಿಸುತ್ತಿದ್ದಳು. ಅವನು ನಗುತ್ತ ಗುಂಡಿ ಹಚ್ಚುತ್ತಿದ್ದ. ಇಷ್ಟು ವರ್ಷ ಹುಡುಗಿಯನ್ನು ಕಳೆದುಕೊಳ್ಳುತ್ತಿದ್ದವಳು ಇವಳೊಬ್ಬಳೇ ಎಂದು ಅವನಿಗೆ ತಿಳಿಯಿತು. ಮೇಜು ಹಿಡಿದುಕೊಂಡು ಅತ್ತ. ಮಗಳು ಹೋದಾಗಲೂ ಅವನು ಹಾಗೆ ಅತ್ತಿರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಒಂದು ಅಂಗಿ ತೆಗೆದುಕೊಂಡು ತನ್ನ ಜಾಗದಲ್ಲಿ ಕೂತ. ಓದು ಎಂದ. ಯಾವುದರಲ್ಲಿ ಓದಲಿ ಎಂದು ಅವಳು ಕೇಳಿದಳು. ನಿನ್ನ ಕಣ್ಣಿಗೆ ಯಾವುದರಲ್ಲಿ ಅಕ್ಷರ ಕಾಣುತ್ತದೋ ಅದರಲ್ಲಿ ಎಂದ. ಅವಳು ಟ್ಯಾಬ್ ತೆಗೆದುಕೊಂಡಳು. ಹೊಳೆ ತುಂಬಿತು. ಹರಿಗೋಲು ನಡುನೀರಿಗೆ ಬಂತು. ಅವಳ ಓದು ನಿಂತಿತು. ಅವಳು ತಲೆ ಎತ್ತಿ ಗಂಡನ ಮುಖ ನೋಡಿದಳು. ಈಗ ಏನು ಓದಬೇಕೆಂದು ಅವಳಿಗೆ ತಿಳಿಯಲಿಲ್ಲ.

ದರ್ಜಿ ಸೂಜಿಯಿಂದ ಕಣ್ಣು ತೆಗೆಯದೆ "ದಡ ಸೇರಿಸು" ಎಂದ.

ಗುರುಗಳು ಕತೆ ನಿಲ್ಲಿಸಿದರು. ಜಗಲಿಯ ಮೇಲೆ ಬಿಸಿಲು ಇಳಿಯುತ್ತಿತ್ತು. ರೇವಣಸಿದ್ಧ ಉತ್ತರೀಯದಲ್ಲಿ ಕಣ್ಣು ಒರೆಸಿಕೊಂಡ. ಆದರೂ ಅವನು ಹಿಡಿದ ಪಟ್ಟು ಬಿಡುವವನಲ್ಲ. ಭಕ್ತರು ನಾಳೆ ಬೆಳಿಗ್ಗೆಯೇ ಬಂದು ಕೇಳುತ್ತಾರೆ, ನಾನು ಉತ್ತರ ಕೊಡಬೇಕು, ಮೂರರಲ್ಲಿ ಯಾವುದನ್ನು ತರಲು ಹೇಳಲಿ ಎಂದು ಮತ್ತೆ ಕೇಳಿದ.

ಗುರುಗಳು ಪಕ್ಕದಲ್ಲಿದ್ದ ಯಾತ್ರಿಕನ ಪುಸ್ತಕವನ್ನು ಕೈಯಿಂದ ತಡವಿ ಹುಡುಕಿ, ಎತ್ತಿ ಅವನ ತೊಡೆಯ ಮೇಲಿಟ್ಟರು.

"ಈ ಯಾತ್ರಿಕನಿಗೆ ಕಣ್ಣು ಹೋಗುವ ಪುಟ ನಿನ್ನೆ ಬರಬೇಕಿತ್ತು, ಅದು ಬಂದಾಗ ನಿನ್ನ ಹಾಗೆ ಗಂಟಲು ಕಟ್ಟುವುದು ಮೂರರಲ್ಲಿ ಯಾವುದಕ್ಕೋ, ಅದನ್ನೇ ತರಲು ಹೇಳು."