ಚಿನ್ನೋಬನ ಎಡಸುತ್ತು

ಚಿನ್ನೋಬ ಯಾವ ಕುದುರೆಯನ್ನು ಹತ್ತುವ ಮುಂಚೆಯೂ ಅದರ ಮೂಗಿನ ಹತ್ತಿರ ಮುಖ ತಂದು ಮೆಲ್ಲಗೆ ಉಸಿರು ಬಿಡುತ್ತಿದ್ದನಂತೆ. ಕುದುರೆಯೂ ತಿರುಗಿ ಉಸಿರು ಬಿಟ್ಟರೆ ಹತ್ತುತ್ತಿದ್ದ. ಇಲ್ಲದಿದ್ದರೆ ಆ ದಿನ ಅದರ ಪಕ್ಕದಲ್ಲೇ ನಡೆದು ಬರುತ್ತಿದ್ದ. "ಕುದುರೆ ಇಟ್ಕೊಂಡು ಕಾಲು ಸವೆಸ್ತಾನೆ ನೋಡ್ರೋ" ಅಂತ ಊರು ನಗುತ್ತಿತ್ತಂತೆ.

ಊರು ಯಾವುದು ಅಂದಿರಾ? ರಾವುತರಹಟ್ಟಿ. ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ. ನನಗೆ ಹೇಳಿದವಳಿಗೂ ಅದು ಗೊತ್ತಿರಲಿಲ್ಲ.

ಆ ಊರಿಗೆ ಒಂದು ಹುಲ್ಲುಗಾವಲಿತ್ತು. ಅದರ ಅಂಚಿಗೆ ಒಂದು ಕಲ್ಲುಗೋಡೆ. ಗುಡ್ಡದ ನಾಯಕ ಒಂದು ಕಟ್ಟಳೆ ಹಾಕಿದ್ದನಂತೆ. ವರ್ಷಕ್ಕೊಮ್ಮೆ ಊರಿನ ರಾವುತ ಕುದುರೆ ಮೇಲೆ ಆ ಗೋಡೆ ಹಾರಬೇಕು. ಹಾರಿದರೆ ಹುಲ್ಲು ಹಟ್ಟಿಯವರಿಗೆ, ತಪ್ಪಿದರೆ ಪಕ್ಕದೂರಿಗೆ. ಹಾರುವ ಹಕ್ಕು ಒಂದೇ ಮನೆಯದು. ಆ ಮನೆಯ ರಕ್ತವೇ ಹತ್ತಬೇಕು.

ಚಿನ್ನೋಬನ ತಂಗಿ ಬೋರಕ್ಕನನ್ನು ಕೊಟ್ಟಿದ್ದು ಆ ಮನೆಗೆ. ಅವಳ ಗಂಡ ಒಂದು ವರ್ಷ ಹಾರಲು ಹೋದ. ಕುದುರೆ ಗೋಡೆಯ ಬುಡಕ್ಕೆ ಬಂದು ಬಲಕ್ಕೆ ಜಾರಿತು, ಅವನನ್ನು ಕಲ್ಲಿಗೆ ಹೊಡೆಯಿತು. ಅವನು ಏಳಲಿಲ್ಲ. ಹುಲ್ಲು ಹೋಯಿತು, ದನಗಳ ಪಕ್ಕೆಲುಬು ಕಾಣತೊಡಗಿದವು. ಮನೆಯಲ್ಲಿ ಉಳಿದವಳು ಮಗಳು ದುಗ್ಗವ್ವ. ಮುಂದಿನ ಸರದಿ ಅವಳದು.

ಗೋಡೆಗೆ ಗಾಳಿ ಸೋಕಿದೆ ಅಂದರಂತೆ ಊರವರು. ಕೋಳಿ ಕೊಯ್ದರಂತೆ. ಚಿನ್ನೋಬ ಮಾತ್ರ ಗೋಡೆಯನ್ನು ನೋಡಲಿಲ್ಲ, ಕಣವನ್ನು ನೋಡಿದ. ಹಟ್ಟಿಯ ಕುದುರೆಗಳೆಲ್ಲ ಕಲಿಯುತ್ತಿದ್ದುದು ಕಣದಲ್ಲಿ, ನಡುವಿನ ಮೇಟಿಕಂಬ ಸುತ್ತಿ. ಸುತ್ತುವುದು ಒಂದೇ ಕಡೆಗೆ, ದೇವರನ್ನು ಸುತ್ತಿದ ಹಾಗೆ ಬಲಕ್ಕೆ. ಎಡಕ್ಕೆ ಸುತ್ತುವುದು ಹೆಣಕ್ಕೆ ಮಾತ್ರ. ಕಣದಲ್ಲಿ ಎಡಸುತ್ತು ಸುತ್ತಿದರೆ ರಾಶಿಯ ಹುಲುಸು ಹೋಗುತ್ತದೆ ಅಂತ ನಂಬಿಕೆ.

"ಒಂದೇ ಮಗ್ಗುಲಲ್ಲಿ ಮಲಗಿದವನ ಕತ್ತು ಒಂದೇ ಕಡೆ ಹೊರಳ್ತದೆ. ಹೆದರಿದ ಕುದುರೆ ಗೊತ್ತಿರೋ ಕಡೆಗೇ ಜಾರ್ತದೆ" ಅಂದನಂತೆ ಚಿನ್ನೋಬ. ಅಂದವನೇ ದುಗ್ಗವ್ವನನ್ನು ಕುದುರೆ ಹತ್ತಿಸಿ, ಹಾಡುಹಗಲಲ್ಲಿ, ಕಣವನ್ನು ಎಡಕ್ಕೆ ಸುತ್ತಿಸಿದ.

ಬೋರಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದಳಂತೆ. "ಅಣ್ಣಾ, ಬದುಕಿರೋ ಹುಡುಗೀಗೆ ಹೆಣದ ಸುತ್ತು ಸುತ್ತಿಸ್ತೀಯಾ? ಆ ಗೋಡೆ ಅವರಪ್ಪನ್ನ ತಿಂದದ್ದು ಸಾಲದಾ?"

"ಅವರಪ್ಪನ್ನ ತಿಂದದ್ದು ಬಲಸುತ್ತು ಕಣವ್ವಾ."

"ಹಂಗಾದ್ರೆ ನನ್ನ ಹೊಸ್ತಿಲು ತುಳೀಬ್ಯಾಡ ಇನ್ನ."

ಅವನು ತುಳಿಯಲಿಲ್ಲ. ಕಲಿಸುವುದನ್ನೂ ಬಿಡಲಿಲ್ಲ. ದಿನಾ ಎಡಕ್ಕೆ, ಆಮೇಲೆ ಬಲಕ್ಕೆ, ಆಮೇಲೆ ನೆಟ್ಟಗೆ. ಲಗಾಮು ಹಿಡಿದ ಕೈ ತೊಟ್ಟಿಲ ಹಗ್ಗ ಹಿಡಿದ ಕೈಯ ಹಾಗಿರಬೇಕು, ಜಗ್ಗಲೂಬಾರದು, ಬಿಡಲೂಬಾರದು ಅನ್ನುತ್ತಿದ್ದನಂತೆ. ಓಟದ ತಾಳ ಕೆಡದೆ ಸುತ್ತು ಬರುವ ತನಕ ಹಾರುವ ಮಾತೇ ಎತ್ತಬೇಡ ಅನ್ನುತ್ತಿದ್ದನಂತೆ. ಆಮೇಲೆ ಮನೆಮನೆಯಿಂದ ಒನಕೆ ತಂದು ಕಣದಲ್ಲಿ ಅಡ್ಡಡ್ಡ ಮಲಗಿಸಿ ಕುದುರೆಯನ್ನು ದಾಟಿಸಿದ. "ನಮ್ಮ ಒನಕೆಗೆ ಕುದುರೆ ಗೊರಸಾ! ನಾಳೆ ಅಕ್ಕೀನೂ ಅದೇ ಕುಟ್ಟಲಿ" ಅಂತ ಹೆಂಗಸರು ಬೈದರಂತೆ. ಬೈದರೂ ಒನಕೆ ಕೊಟ್ಟರು. ದನಗಳು ಅವರವೂ ಬಡಕಲಾಗಿದ್ದವಲ್ಲ.

ಗೋಡೆ ಹಾರುವ ಹಿಂದಿನ ದಿನ ದುಗ್ಗವ್ವ ಹೇಳಿದಳಂತೆ, ಮಾವಾ, ಗೋಡೆ ಕಂಡರೆ ನನಗೆ ಅಪ್ಪ ಬಿದ್ದ ಕಲ್ಲೇ ಕಾಣುತ್ತದೆ ಅಂತ. ಗೋಡೆ ಕುದುರೆಗಿರಲಿ, ಅದನ್ನು ಅಳೆಯುವುದು ಅದರ ಕೆಲಸ ಅಂದ ಚಿನ್ನೋಬ. ಕುದುರೆ ಏಳುವ ಮುಂಚೆ ನೀನು ಮೇಲೇಳಬೇಡ, ಅದು ಎದ್ದಾಗ ಕೈ ಮುಂದಕ್ಕೆ ಕೊಡು ಅಂದ. ನೀನು ಗೋಡೆಯಾಚೆ ನೋಡು, ಆಚೆ ದಿಬ್ಬದ ಮೇಲೆ ನಾನಿರುತ್ತೇನೆ ಅಂದ.

ಮಾರನೆ ದಿನ ಊರೆಲ್ಲ ಗೋಡೆಯ ಈಚೆ. ದೂರದ ದಿಬ್ಬದ ಮೇಲೆ ಬಿಳಿ ರುಮಾಲಿನ ಒಂದು ಆಳು. ದುಗ್ಗವ್ವ ಬಲಕ್ಕೆ ನೋಡಲಿಲ್ಲ, ಕಲ್ಲು ನೋಡಲಿಲ್ಲ, ಆ ಬಿಳುಪನ್ನೇ ನೋಡುತ್ತ ಬಂದಳು. ಕುದುರೆ ನೆಟ್ಟಗೆ ಬಂತು, ನೆಟ್ಟಗೆ ಎದ್ದಿತು. ಗೊರಸು ಕಲ್ಲಿಗೆ ತಾಗಿದ ಸದ್ದೇ ಆಗಲಿಲ್ಲವಂತೆ. ಗೋಡೆಗಿಂತ ಆಳೆತ್ತರ ಮೇಲೆ ಹೋಯಿತು ಅನ್ನುತ್ತಾರೆ ಕೆಲವರು. ಅಷ್ಟೆಲ್ಲ ಬೇಕಿರಲಿಲ್ಲ, ಗೋಡೆ ದಾಟಿದರೆ ಸಾಕಿತ್ತು.

ಜನ ದುಗ್ಗವ್ವನನ್ನು ಎತ್ತಿಕೊಂಡು ಕುಣಿದರು. ಬೋರಕ್ಕ ಮಾತ್ರ ದಿಬ್ಬದ ಕಡೆ ಓಡಿದಳಂತೆ. ಹತ್ತಿ ನೋಡಿದರೆ ಯಾರೂ ಇಲ್ಲ. ಹಾಗೇ ನಡೆದು ಬೇರೆ ಸೀಮೆಗೆ ಹೋದ ಅನ್ನುವವರುಂಟು. ಅಲ್ಲಿ ಯಾರೂ ನಿಂತೇ ಇರಲಿಲ್ಲ ಅನ್ನುವವರೂ ಉಂಟು. ನನಗೇನೂ ಗೊತ್ತಿಲ್ಲ. ಹೊಸ್ತಿಲು ತುಳೀಬ್ಯಾಡ ಅಂದ ತಂಗಿಯ ಮಾತನ್ನು ಅವನು ಕೊನೆತನಕ ನಡೆಸಿಕೊಂಡ ಅಂತ ಕಾಣುತ್ತದೆ.

ಈಗ ಹಟ್ಟಿಯಲ್ಲಿ ಕುದುರೆಗಳಿಲ್ಲ. ಹೋರಿಯನ್ನು ನೊಗಕ್ಕೆ ಕಲಿಸುವವರು ಇವತ್ತಿಗೂ ಮೊದಲ ಸುತ್ತನ್ನು ಎಡಕ್ಕೇ ಹಾಕಿಸುತ್ತಾರೆ. ಮತ್ತೆ ಆ ಹುಲ್ಲುಗಾವಲಿನಲ್ಲಿ ಹುಲ್ಲು ಕೊಯ್ಯುವ ಮೊದಲ ದಿನ, ಊಟದ ಗಂಟು ಬಿಚ್ಚಿದರೂ ಯಾರೂ ಕೈ ಹಾಕುವುದಿಲ್ಲ. ಒಬ್ಬ ಹೆಂಗಸು ಎದ್ದು ದಿಬ್ಬಕ್ಕೆ ಮುಖ ಮಾಡಿ ಕೂಗುತ್ತಾಳೆ. ಎಲ್ಲರೂ ಕಿವಿಗೊಟ್ಟು ಕಾಯುತ್ತಾರೆ.

"ಅಣ್ಣಾ, ರೊಟ್ಟಿ ಆರ್ತಾವೆ. ಮನೆಗೆ ಬಾ."