ಪದುಮಕ್ಕ ಹೊದಿಸಿದ ಪಾಚಿ

ಮಕ್ಕಳೇ, ಚಳಿ ಚೆನ್ನಾಗಿ ಬೀಳುವ ಒಂದು ಬೆಟ್ಟದ ಮೇಲೆ ಒಂದು ಕಾಡಿತ್ತು. ಕಾಡಿನ ನಡುವೆ ತಾವರೆ ತುಂಬಿದ ಒಂದು ಕೊಳ, ಕೊಳದ ಪಕ್ಕದಲ್ಲೇ ಕಲ್ಲುಕಲ್ಲಾದ ಒಂದು ದಿಬ್ಬ. ಕೊಳದಲ್ಲಿ ಪದುಮಕ್ಕ ಎಂಬ ಕಪ್ಪೆ ಇದ್ದಳು. ದಿಬ್ಬದ ಮೇಲೆ ಕೆಂಚಪ್ಪ ಎಂಬ ಓತಿಕ್ಯಾತ ಇದ್ದ. ಕತೆ ನಡೆದದ್ದು ಇವರಿಬ್ಬರ ನಡುವೆ. ಪೆಟ್ಟು ಬಿದ್ದದ್ದು ಮಾತ್ರ ಮೂರನೆಯವಳಿಗೆ. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕೆಂಚಪ್ಪನ ದಿಬ್ಬದಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಿಸಿಲು. ಅಲ್ಲಿ ಅವನೊಂದು ಹೂದೋಟ ಮಾಡಿದ್ದ. ತೋಟದಲ್ಲಿ ಇದ್ದದ್ದು ಒಂದೇ ಜಾತಿಯ ಹೂವು. ಮನುಷ್ಯರು ಅದನ್ನು ಐರಿಸ್ ಎನ್ನುತ್ತಾರೆ. ಅದರ ಎಲೆಗಳು ಕತ್ತಿಯ ಹಾಗೆ ನೆಟ್ಟಗೆ, ಒಟ್ಟಿಗೆ ಸೇರಿದರೆ ಬೀಸಣಿಗೆಯ ಹಾಗೆ. ನೇರಳೆ ಬಣ್ಣದ ಎಸಳುಗಳಲ್ಲಿ ಮೂರು ಮೇಲಕ್ಕೆ ನಿಂತಿರುತ್ತವೆ, ಮೂರು ಕೆಳಕ್ಕೆ ಬಾಗಿರುತ್ತವೆ. ಬಾಗಿದ ಎಸಳಿನ ಮೇಲೆ ಹಳದಿ ಕೂದಲಿನ ಸಣ್ಣ ಗಡ್ಡ. ಆದ್ದರಿಂದ ಕಾಡಿನವರು ಅದನ್ನು ಗಡ್ಡದ ಹೂವು ಎನ್ನುತ್ತಿದ್ದರು.

"ನಿನಗೆ ಬಾರದ ಗಡ್ಡ ನಿನ್ನ ಹೂವಿಗೆ ಬಂತಲ್ಲ ಕೆಂಚಪ್ಪ," ಎಂದು ಪದುಮಕ್ಕ ಅವನನ್ನು ರೇಗಿಸುತ್ತಿದ್ದಳು.

ಪದುಮಕ್ಕನಿಗೆ ತನ್ನ ತಾವರೆಗಳ ಬಗ್ಗೆ ಬಹಳ ಹೆಮ್ಮೆ. ಯಾವ ಎಲೆಗೆ ಎಷ್ಟು ನೀರು, ಯಾವ ಮೊಗ್ಗು ಯಾವಾಗ ಬಿರಿಯುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಕೊಳದ ಸುತ್ತಲಿನವರು ಗಿಡದ ವಿಷಯ ಏನಿದ್ದರೂ ಅವಳನ್ನೇ ಕೇಳುತ್ತಿದ್ದರು. ಕೇಳದಿದ್ದರೂ ಅವಳು ಹೇಳುತ್ತಿದ್ದಳು.

ಒಂದು ದಿನ ಕೆಂಚಪ್ಪ ಕೊಳದ ದಡಕ್ಕೆ ಬಂದ. ಬೆಟ್ಟದ ಆಚೆ ಬದಿಯಲ್ಲಿ ಅವನ ತಂಗಿಯ ಮನೆ. ಮೊಟ್ಟೆ ಒಡೆಯುವ ಕಾಲ ಹತ್ತಿರವಾಗಿದೆ, ಮರಿಗಳ ಮುಖ ನೋಡಿ ಬರುತ್ತೇನೆ, ಅಷ್ಟು ದಿನ ತೋಟದ ಕಡೆ ಒಂದು ಕಣ್ಣಿಡಬೇಕು ಎಂದು ಕೇಳಿಕೊಂಡ.

"ನೀವು ಏನೂ ಮಾಡಬೇಕಾಗಿಲ್ಲ ಪದುಮಕ್ಕ. ಹುಲ್ಲು ಬಂದರೆ ಕಿತ್ತುಹಾಕಿ, ಸಾಕು. ಆ ಗೆಡ್ಡೆಗಳು ಇವೆಯಲ್ಲ, ಅವುಗಳ ಬೆನ್ನು..."

ಪದುಮಕ್ಕ ಅವನ ಮಾತನ್ನು ಅಲ್ಲಿಗೇ ತುಂಡುಮಾಡಿದಳು. "ಹೂವಿನ ವಿಷಯ ನನಗೆ ಹೇಳಿಕೊಡುತ್ತೀಯಾ? ಹೋಗಿ ಬಾ. ತಂಗಿಯನ್ನು ಕೇಳಿದೆನೆಂದು ಹೇಳು."

ಕೆಂಚಪ್ಪ ಹಿರಿಯಳ ಹತ್ತಿರ ಎದುರು ಮಾತು ಬೇಡವೆಂದು ಹೊರಟುಹೋದ.

ಮರುದಿನ ಪದುಮಕ್ಕ ದಿಬ್ಬ ಹತ್ತಿದಳು. ತೋಟ ನೋಡುತ್ತಾಳೆ, ಗೆಡ್ಡೆಗಳೆಲ್ಲ ಮಣ್ಣಿನ ಮೇಲೆಯೇ ಬಿದ್ದುಕೊಂಡಿವೆ. ಬೇರು ಮಾತ್ರ ಒಳಗೆ, ಬೆನ್ನು ಪೂರ್ತಿ ಬಿಸಿಲಿಗೆ. ಮುಟ್ಟಿ ನೋಡಿದರೆ ಕಾದ ಕಲ್ಲಿನ ಹಾಗೆ ಬಿಸಿ.

ಕಪ್ಪೆಯ ಚರ್ಮಕ್ಕೆ ಬಿಸಿಲೆಂದರೆ ಏನು ಎಂದು ನಿಮಗೆ ಗೊತ್ತೇ? ಸ್ವಲ್ಪ ಹೊತ್ತು ತೇವವಿಲ್ಲದಿದ್ದರೆ ಅದು ಬಿಗಿದು ಉರಿಯುತ್ತದೆ. ಪದುಮಕ್ಕ ಆ ಗೆಡ್ಡೆಗಳನ್ನು ತನ್ನ ಚರ್ಮದಿಂದಲೇ ಅಳೆದಳು. 'ಪಾಪ, ಈ ಓತಿಕ್ಯಾತನಿಗೆ ಏನು ತಿಳಿಯುತ್ತದೆ? ಬದುಕಿರುವುದೇ ಹೆಚ್ಚು,' ಎಂದುಕೊಂಡಳು.

ಆಮೇಲೆ ಶುರುವಾಯಿತು ಅವಳ ಆರೈಕೆ. ಕೊಳದ ತಳದಿಂದ ತಣ್ಣನೆಯ ಕೆಸರು ತಂದು ಗೆಡ್ಡೆಗಳ ಮೇಲೆ ಮೆತ್ತಿದಳು. ಕೆಸರಿನ ಮೇಲೆ ಹಸಿರು ಪಾಚಿ ಹೊದಿಸಿದಳು, ಮಗುವಿಗೆ ದುಪ್ಪಟಿ ಹೊದಿಸಿದ ಹಾಗೆ. ಬೆಳಿಗ್ಗೆ ನೀರು, ಸಂಜೆ ನೀರು. ಮೊದಮೊದಲು ಎಲೆಗಳು ಇನ್ನಷ್ಟು ಹಸಿರಾದವು. ಆ ಕಡೆ ಹಾರಿಬಂದ ಗೊರವಂಕ ನೋಡಿ ಹೊಗಳಿತು. ಕೆಂಚಪ್ಪ ಬಂದು ನೋಡಿ ಕಲಿಯಲಿ ಎಂದಳು ಪದುಮಕ್ಕ.

ಕೆಲವು ದಿನಗಳಲ್ಲಿ ಎಲೆಗಳ ತುದಿ ಹಳದಿಯಾಯಿತು. ನೀರು ಸಾಲದೆಂದು ಅವಳು ಇನ್ನಷ್ಟು ಹೊಯ್ದಳು. ಒಂದು ಬೆಳಿಗ್ಗೆ ಬಂದು ನೋಡಿದರೆ ಬೀಸಣಿಗೆಗಳೆಲ್ಲ ನೆಲಕ್ಕೆ ಮಲಗಿದ್ದವು. ಗಬ್ಬು ನಾತ. ಪಾಚಿಯ ಕೆಳಗೆ ಕೈ ಹಾಕಿದಳು. ಗೆಡ್ಡೆ ಅತಿಯಾಗಿ ಕಳಿತ ಬಾಳೆಹಣ್ಣಿನ ಹಾಗೆ ಬೆರಳಿಗೆ ಹತ್ತಿಕೊಂಡಿತು.

ಆಗ ಅವಳಿಗೆ ತಿಳಿಯಿತು. 'ಅವುಗಳ ಬೆನ್ನು...' ಎಂದ ಕೆಂಚಪ್ಪನ ಮಾತು ನೆನಪಾಯಿತು. ಆ ಮಾತಿನ ಉಳಿದರ್ಧ ಏನಿತ್ತೆಂದು ಈಗ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಷ್ಟರಲ್ಲಿ ಗೊರವಂಕ ಮತ್ತೆ ಬಂತು. "ಅಯ್ಯೋ, ಯಾರು ಹೀಗೆ ಮಾಡಿದ್ದು ಪದುಮಕ್ಕ?"

ಪದುಮಕ್ಕ ಬೆರಳನ್ನು ಹುಲ್ಲಿಗೆ ಒರೆಸಿದಳು. 'ನಾನು' ಎಂಬ ಒಂದು ಮಾತು ಗಂಟಲಲ್ಲಿತ್ತು. ಬಾಯಿಂದ ಬಂದದ್ದು ಬೇರೆಯೇ.

"ಗೆಡ್ಡೆ ಕಂಡರೆ ಬಿಡದವರು ಈ ಬೆಟ್ಟದಲ್ಲಿ ಯಾರಿದ್ದಾರೆ, ನೀನೇ ಹೇಳು."

ಅವಳು ಯಾರ ಹೆಸರನ್ನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಬೆಟ್ಟದಲ್ಲಿ ಗೆಡ್ಡೆ ಅಗೆದು ತಿನ್ನುವವಳು ಈರಮ್ಮ ಎಂಬ ಮುಳ್ಳುಹಂದಿ. ಬಂಡೆಯ ಸಂದಿನಲ್ಲಿ ಒಂದು ಪುಟ್ಟ ಮರಿಯನ್ನು ಇಟ್ಟುಕೊಂಡು ತನ್ನ ಪಾಡಿಗೆ ತಾನಿದ್ದವಳು. ನಾನು ಮೊದಲೇ ಹೇಳಿದ ಮೂರನೆಯವಳು ಇವಳೇ.

ಗೊರವಂಕ ಹಾರಿತು. ಮಧ್ಯಾಹ್ನದೊಳಗೆ ಮಾತು ಎಲ್ಲ ಮರಗಳನ್ನೂ ಮುಟ್ಟಿತು. ಸಂಜೆ ಈರಮ್ಮ ಮರಿಯೊಡನೆ ನೀರಿಗೆ ಬಂದಾಗ ಮೊಲಗಳೂ ಮುಂಗುಸಿಗಳೂ ದಾರಿಗೆ ಅಡ್ಡ ನಿಂತಿದ್ದವು. ಕಳ್ಳಿಗೆ ಈ ಕೊಳದಲ್ಲಿ ನೀರಿಲ್ಲ ಎಂದವು. ತಾನು ಆ ದಿಬ್ಬವನ್ನು ಹತ್ತಿಯೇ ಇಲ್ಲ ಎಂದು ಈರಮ್ಮ ಹೇಳಿದಳು. ಅವಳ ಮಾತನ್ನು ಯಾರೂ ನಂಬಲಿಲ್ಲ.

"ಪದುಮಕ್ಕ, ನೀವು ದಿನಾ ಅಲ್ಲಿದ್ದಿರಲ್ಲ. ನನ್ನನ್ನು ಅಲ್ಲಿ ಕಂಡಿರಾ? ನೀವು ಹೇಳಿದರೆ ಕೇಳುತ್ತಾರೆ," ಎಂದು ಅವಳು ಕೊಳದ ಕಡೆ ತಿರುಗಿ ಕೇಳಿದಳು.

ಪದುಮಕ್ಕ ತಾವರೆ ಎಲೆಯ ಕೆಳಗೆ ಮುಳುಗಿದಳು.

ಅಂದಿನಿಂದ ಈರಮ್ಮ ಕಣಿವೆಯ ಕೆಳಗಿನ ತೊರೆಗೆ ಹೋಗಬೇಕಾಯಿತು. ಚೂಪು ಕಲ್ಲುಗಳ ಕಡಿದಾದ ದಾರಿ ಅದು. ಒಂದು ಸಂಜೆ ಹಿಂತಿರುಗುವಾಗ ಮರಿಯ ಕಾಲು ಕಲ್ಲಿನ ಸೀಳಿಗೆ ಸಿಕ್ಕಿ ತಿರುಚಿಕೊಂಡಿತು. ಮಾರನೆಯ ದಿನ ಅದು ಕುಂಟುತ್ತಾ ತಾಯಿಯ ಹಿಂದೆ ಹೋಗುವುದನ್ನು ಪದುಮಕ್ಕ ನೀರಿನಿಂದ ಕಣ್ಣಷ್ಟೇ ಹೊರಗಿಟ್ಟು ನೋಡಿದಳು. ಆ ದಿನ ಅವಳಿಗೆ ಒಂದು ಹುಳುವೂ ರುಚಿಸಲಿಲ್ಲ. ಹೇಳಿಬಿಡೋಣ ಎಂದು ದಡಕ್ಕೆ ಬರುವಳು. ಯಾರಾದರೂ "ಪದುಮಕ್ಕ, ನಮ್ಮ ಬಳ್ಳಿ ಯಾಕೆ ಸೊರಗಿದೆ, ಹೇಳಿ" ಎಂದು ಗೌರವದಿಂದ ಕೇಳುವರು. ಅವಳು ಬಳ್ಳಿಯ ವಿಷಯ ಹೇಳಿ ಮತ್ತೆ ನೀರಿಗೆ ಇಳಿಯುವಳು.

ಕೆಂಚಪ್ಪ ಹಿಂತಿರುಗಿದ. ಅವನು ದಿಬ್ಬ ತಲುಪುವ ಮೊದಲೇ ಗೊರವಂಕ ಎಲ್ಲವನ್ನೂ ಹೇಳಿ ಮುಗಿಸಿತ್ತು. ಈರಮ್ಮನನ್ನು ಬೆಟ್ಟದಿಂದಲೇ ಓಡಿಸಬೇಕು, ನೀನೊಂದು ಹೂಂ ಎಂದರೆ ಸಾಕು ಎಂದು ಎಲ್ಲರೂ ಅವನನ್ನು ಸುತ್ತುವರಿದರು. ಕೆಂಚಪ್ಪ ಒಬ್ಬನೇ ತೋಟಕ್ಕೆ ಹೋಗಿ ಒಣಗಿದ ಕೆಸರನ್ನು ಕೆದರಿದ. ಗೆಡ್ಡೆಗಳೆಲ್ಲ ಇದ್ದಲ್ಲೇ ಕೊಳೆತು ಕೂತಿದ್ದವು. ಒಂದರಲ್ಲೂ ಹಲ್ಲಿನ ಗುರುತಿಲ್ಲ.

ಅವನು ಕೊಳದ ದಡಕ್ಕೆ ಬಂದ. ಬಾಯಲ್ಲಿದ್ದ ಒಂದು ಎಳೆ ಪಾಚಿಯನ್ನು ಮೆಲ್ಲನೆ ನೀರಿನ ಮೇಲೆ ಬಿಟ್ಟ.

"ಇದು ನಿಮ್ಮ ಮನೆಯದು ಪದುಮಕ್ಕ. ನನ್ನ ತೋಟದಲ್ಲಿ ಉಳಿದುಬಿಟ್ಟಿತ್ತು," ಎಂದು ಅವಳಿಗಷ್ಟೇ ಕೇಳುವಂತೆ ಹೇಳಿದ. ಆಮೇಲೆ ಎಲ್ಲರ ಕಡೆ ತಿರುಗಿ, ನಾಳೆ ಮಧ್ಯಾಹ್ನ ದಿಬ್ಬದ ಮೇಲೆ ಸೇರೋಣ, ಈರಮ್ಮನನ್ನೂ ಕರೆಯಿರಿ, ಅಲ್ಲೇ ತೀರ್ಮಾನ ಆಗಲಿ ಎಂದ.

ಪಾಚಿ ತೇಲುತ್ತಾ ಬಂದು ಪದುಮಕ್ಕನ ಮೂಗಿಗೆ ತಾಗಿತು. ಕೆಂಚಪ್ಪ ಬೈದಿದ್ದರೆ ಅವಳು ಉತ್ತರ ಹುಡುಕುತ್ತಿದ್ದಳು. ಅವನು ಬೈಯಲಿಲ್ಲ. ಆ ತಣ್ಣನೆಯ ನೀರಿನಲ್ಲೂ ಅವಳ ಮೈ ಬೆಂದಂತಾಯಿತು.

ಮರುದಿನ ಮಧ್ಯಾಹ್ನ ಎಲ್ಲರೂ ದಿಬ್ಬದ ಮೇಲೆ ಸೇರಿದರು. ಹಗಲು ಹೊರಗೆ ಬಾರದ ಈರಮ್ಮ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಮರಿಯನ್ನು ಮುಳ್ಳಿನ ನೆರಳಿಗೆ ಒತ್ತಿಕೊಂಡಿದ್ದಳು. ಕೆಂಚಪ್ಪ ಗೆಡ್ಡೆಗಳ ಕೊಳೆತ ಭಾಗ ಕಡಿದು, ಗಟ್ಟಿಯಾಗಿ ಉಳಿದ ಚೂರುಗಳನ್ನು ಬಂಡೆಯ ಮೇಲೆ ಬಿಸಿಲಿಗೆ ಹರಡುತ್ತಿದ್ದ. ಅವನಿಗೇನೂ ಅವಸರವಿದ್ದಂತಿರಲಿಲ್ಲ. ಆಗಾಗ ಕೊಳದ ದಾರಿ ನೋಡುತ್ತಿದ್ದ.

"ಯಾರಿಗೆ ಕಾಯುತ್ತಿದ್ದೀಯ?" ಎಂದಿತು ಗೊರವಂಕ.

ಆಗ ದಾರಿಯಲ್ಲಿ ಪದುಮಕ್ಕ ಕಾಣಿಸಿದಳು. ನೆತ್ತಿಯ ಬಿಸಿಲಿನಲ್ಲಿ, ಕಲ್ಲಿಂದ ಕಲ್ಲಿಗೆ ಕುಪ್ಪಳಿಸುತ್ತಾ, ನಡುವೆ ನಿಂತು ಉಸಿರೆಳೆದುಕೊಳ್ಳುತ್ತಾ ಬಂದಳು. ಕೆಂಚಪ್ಪ ನೆರಳಿಗೆ ಬನ್ನಿ ಎಂದ. ಅವಳು ಬರಲಿಲ್ಲ. ಎಲ್ಲರಿಗೂ ಕಾಣುವಂತೆ ಬಂಡೆಯ ಮೇಲೆಯೇ ಕೂತಳು.

"ಈರಮ್ಮ ಇಲ್ಲಿಗೆ ಬಂದಿರಲಿಲ್ಲ," ಎಂದಳು. "ಕೆಸರು ಮೆತ್ತಿ ಗೆಡ್ಡೆ ಕೊಳೆಸಿದವಳು ನಾನು. ಕೆಂಚಪ್ಪ ಹೇಳಲು ಬಂದ, ನಾನು ಕೇಳಲಿಲ್ಲ. ಗೊರವಂಕ ಕೇಳಿತು, ನಾನು ಹೇಳಲಿಲ್ಲ. ಈರಮ್ಮ ನನ್ನ ಹೆಸರು ಹಿಡಿದು ಕರೆದಳು, ನಾನು ಮುಳುಗಿದೆ."

ಮೊಲಗಳು ತಮ್ಮ ಪಾದಗಳನ್ನು ನೋಡಿಕೊಂಡವು. ಗೊರವಂಕ ಹಾರಿಹೋಗುವುದೋ ಇರುವುದೋ ತಿಳಿಯದೆ ರೆಕ್ಕೆ ಬಿಚ್ಚಿ ಮಡಿಚಿತು. ಪದುಮಕ್ಕನ ಚರ್ಮ ಒಣಗಿ ಬಿಗಿಯುತ್ತಿತ್ತು. ಅವಳು ಈರಮ್ಮನ ಕಡೆ ತಿರುಗಿದಳು. ಮುಖ ನೋಡಲಾಗದೆ ಮರಿಯ ಕಾಲು ನೋಡಿದಳು.

"ನನ್ನನ್ನು ಕ್ಷಮಿಸು ಎಂದು ಕೇಳುವ ಬಾಯಿಯೂ ನನಗಿಲ್ಲ."

ಈರಮ್ಮ ಎದ್ದಳು. "ಮಗುವಿಗೆ ಬಾಯಾರಿದೆ. ಮೊದಲು ನೀರು ಕುಡಿಸಿ ಬರುತ್ತೇನೆ. ಮಾತು ಆಮೇಲೆ," ಎಂದಳು. ಅಂದು ಕೊಳದ ದಾರಿಗೆ ಅಡ್ಡ ನಿಂತಿದ್ದವರೆಲ್ಲ ಈಗ ದಾರಿ ಬಿಟ್ಟರು. ತುಸು ದೂರ ಹೋಗಿ ಅವಳು ನಿಂತು, ಹಿಂತಿರುಗಿ ನೋಡದೆ, "ಪದುಮಕ್ಕನನ್ನೂ ಯಾರಾದರೂ ನೀರಿಗೆ ಬಿಡಿ. ಒಣಗಿ ಸತ್ತಾಳು," ಎಂದಳು.

ಆ ವರ್ಷ ಗಡ್ಡದ ಹೂವು ಅರಳಲಿಲ್ಲ. ಮುಂದಿನ ವರ್ಷವೂ ಎಲೆಯಷ್ಟೇ ಬಂತು. ಈ ನಡುವೆ ಕೆಂಚಪ್ಪ ಮತ್ತೆ ತಂಗಿಯ ಮನೆಗೆ ಹೊರಟಾಗ ತೋಟವನ್ನು ಪದುಮಕ್ಕನಿಗೇ ಒಪ್ಪಿಸಿದ. ಅವಳು ದಡದ ಮೇಲೆ ಕೂತು, "ಪೂರ್ತಿ ಹೇಳು ಕೆಂಚಪ್ಪ. ಏನು ಮಾಡಬೇಕು, ಏನು ಮಾಡಬಾರದು, ಎಲ್ಲ," ಎಂದಳು. ಅವನು ಹೇಳಿದ. ಅವಳು ಕೊನೆಯವರೆಗೂ ಕೇಳಿದಳು. ಮಳೆಗೆ ಗೆಡ್ಡೆಯ ಬೆನ್ನಿನ ಮೇಲೆ ಮಣ್ಣು ಬಂದರೆ ಕೈಯಿಂದ ಸರಿಸಿದಳು. ಬೇರೇನನ್ನೂ ಮುಟ್ಟಲಿಲ್ಲ.

ಕೊನೆಗೊಮ್ಮೆ, ಚಳಿಗಾಲ ಕಳೆದ ಮೇಲೆ, ಮೊದಲ ಹೂವು ಬಿರಿಯಿತು. ಎಲ್ಲರೂ ನೋಡಲು ಬಂದರು. ಈರಮ್ಮನ ಮರಿ ಎಲ್ಲರಿಗಿಂತ ಮುಂದೆ ನುಗ್ಗಿ ಹಳದಿ ಗಡ್ಡಕ್ಕೆ ಮೂಗು ತೂರಿಸಿ ಜೋರಾಗಿ ಸೀನಿತು. ಎಲ್ಲರೂ ನಕ್ಕರು. ಪದುಮಕ್ಕನೂ ನಕ್ಕಳು. ಮರಿ ನಾಚಿ ತಾಯಿಯ ಹತ್ತಿರ ಓಡಿತು. ಓಡುವಾಗ ಅದರ ಒಂದು ಕಾಲು ಇನ್ನೂ ಸ್ವಲ್ಪ ಎಳೆಯುತ್ತಿತ್ತು. ಪದುಮಕ್ಕನ ನಗು ಅಲ್ಲಿಗೇ ನಿಂತಿತು.

ನೀತಿ: ಮುಚ್ಚಿಟ್ಟ ತಪ್ಪು ಒಳಗೊಳಗೇ ಕೊಳೆಯುತ್ತದೆ, ಅದರ ಕೇಡು ತಪ್ಪು ಮಾಡದವರಿಗೆ ತಟ್ಟುತ್ತದೆ, ಆದ್ದರಿಂದ ತಪ್ಪು ನಮ್ಮದೆಂದು ತಿಳಿದ ಗಳಿಗೆಯಲ್ಲೇ ಅದನ್ನು ಬಾಯಿಬಿಟ್ಟು ಹೇಳಬೇಕು.