ಮೂರು ಹನಿ ಸೈಪ್ರೆಸ್ ಎಣ್ಣೆ

“ಗುರುಗಳೇ, ನಾನು ಇದ್ದದ್ದನ್ನು ಇದ್ದ ಹಾಗೆಯೇ ಹೇಳುತ್ತೇನೆ. ಕೇಳಿದವರು ನೊಂದು ಎದ್ದು ಹೋಗುತ್ತಾರೆ. ಸತ್ಯಕ್ಕೂ ಏನಾದರೂ ಬೆರೆಸಬೇಕೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಬೆಟ್ಟದ ಮೇಲೆ ಒಬ್ಬ ಎಣ್ಣೆಯವನಿದ್ದ. ಸೈಪ್ರೆಸ್ ಮರದ ಎಳೆ ರೆಂಬೆಗಳನ್ನು ಹಂಡೆಗೆ ತುಂಬಿ, ಹಬೆಯಿಂದ ಎಣ್ಣೆ ಇಳಿಸುತ್ತಿದ್ದ. ಒಂದು ಹೊರೆ ಸೊಪ್ಪಿಗೆ ಒಂದು ಪುಟ್ಟ ಸೀಸೆ. ಅದರ ವಾಸನೆಗೆ ಕಟ್ಟಿದ ಮೂಗು ಬಿಡುತ್ತದೆ, ದಣಿದ ಕಾಲು ಹಗುರಾಗುತ್ತದೆ ಎಂದು ಜನ ಹೇಳುತ್ತಿದ್ದರು. ಸೀಸೆಗಳು ಪೇಟೆಗೆ ಹೋಗುತ್ತಿದ್ದವು. ಅಲ್ಲಿಯವರು ಅದನ್ನು ಹೇಗೆ ಬಳಸುತ್ತಾರೆಂದು ಅವನು ಕಂಡಿರಲಿಲ್ಲ. ತನ್ನ ಎಣ್ಣೆಯಲ್ಲಿ ಒಂದು ಹನಿಯೂ ಬೆರಕೆಯಿಲ್ಲ ಎಂಬುದಷ್ಟೇ ಅವನ ಹೆಮ್ಮೆ.

ಒಬ್ಬ ಹಮಾಲಿ ದಿನವೂ ಪೇಟೆಯಿಂದ ಮೂಟೆ ಹೊತ್ತು ಬೆಟ್ಟ ಹತ್ತುತ್ತಿದ್ದ. ಹೊರದ ದಿನ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ಒಮ್ಮೆ ಅವನ ಮೀನಖಂಡ ಹಿಡಿದುಕೊಂಡಿತು. ಎಣ್ಣೆಯವನು ಮರುಗಿ, ಅವನ ಅಂಗೈಗೆ ಅಪ್ಪಟ ಎಣ್ಣೆ ಸುರಿದ. ಹಮಾಲಿ ಗಸಗಸ ತಿಕ್ಕಿಕೊಂಡ.

ಮರುದಿನ ಕಾಲಿನ ತುಂಬ ಬೊಕ್ಕೆ. ಹಮಾಲಿ ಕುಂಟುತ್ತ ಬಂದು, “ಅಣ್ಣಾ, ನಿಮ್ಮ ಎಣ್ಣೆ ಒಳ್ಳೆಯದೇ ಇರಬೇಕು. ನನ್ನ ಚರ್ಮವೇ ಸರಿಯಿಲ್ಲ” ಎಂದ.

ಎಣ್ಣೆಯವನು ತಲೆ ತಗ್ಗಿಸಿದ. ಬೊಕ್ಕೆ ಮಾಯುವವರೆಗೆ ಹಂಡೆ ಕವುಚಿಟ್ಟು, ಹಮಾಲಿಯ ಮೂಟೆಯನ್ನು ತಾನೇ ಹೊತ್ತ. ಎಂಟನೆಯ ದಿನ ಅವನ ಕಾಲೂ ಹಿಡಿದುಕೊಂಡಿತು. ಆಗ ಹೆಂಡತಿ ಒಂದು ಬಟ್ಟಲು ಎಳ್ಳೆಣ್ಣೆಗೆ ಸೀಸೆಯಿಂದ ಮೂರೇ ಹನಿ ಬಿಟ್ಟಳು.

“ಅಷ್ಟು ಸೊಪ್ಪಿನ ಸಾರವನ್ನು ಹಾಳು ಮಾಡಿದೆಯಲ್ಲೇ!” ಎಂದ ಅವನು.

“ಸಾರ ಸೀಸೆಯಲ್ಲೇ ಇದ್ದರೆ ಸೀಸೆಗೆ ಸುಖ. ಕಾಲು ನೀಡಿ,” ಎಂದಳು.

ಅವಳು ತಿಕ್ಕಿದಳು. ಬೆಳಗಾಗುವ ಹೊತ್ತಿಗೆ ನೋವು ಇಳಿದಿತ್ತು. ಎಣ್ಣೆಯವನು ಅದೇ ಬಟ್ಟಲು ಹಿಡಿದು ಹಮಾಲಿಯ ಮನೆಗೆ ಹೋದ. ಬೊಕ್ಕೆ ಮಾಯ್ದಿದ್ದರೂ ನೋವು ಬಿಡದಿದ್ದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ನೀವಿದ. ಮೂರು ದಿನ ಹಾಗೆಯೇ ಮಾಡಿದ. ನಾಲ್ಕನೆಯ ದಿನ ಹಮಾಲಿ ಹಾಡಿಕೊಳ್ಳುತ್ತ ಬೆಟ್ಟ ಹತ್ತಿದ. ಎಣ್ಣೆಯವನು ಮತ್ತೆ ಹಂಡೆಗೆ ಬೆಂಕಿ ಹಾಕಿದ. ಎಂದೂ ಇಲ್ಲದ ಹಿಗ್ಗು ಅವನಿಗೆ.

ಶಿಷ್ಯನ ಮುಖ ಅರಳಿತು. “ತಿಳಿಯಿತು ಗುರುಗಳೇ. ಹಾಗಾದರೆ ಯಾರಿಗೆ ಎಷ್ಟು ಹನಿ ಎಂಬುದನ್ನೂ ಹೇಳಿಬಿಡಿ.”

“ನಿನ್ನಿಂದ ನೊಂದು ಎದ್ದು ಹೋದವರಲ್ಲಿ ಒಬ್ಬರ ಮನೆಗಾದರೂ ಹೋಗಿದ್ದೀಯಾ?” ಎಂದರು ಗುರುಗಳು.